ಘಟ್ಟ ಹತ್ತುವ ಹಳೆಯ ಪಿಕಪ್: ರೇಡಿಯೇಟರ್‌ಗೆ ರಾಡ್ ಹೊಡೆಸುವುದೋ, ಹೊಸದು ಹಾಕಿಸುವುದೋ?

ಕುಮಟಾದಿಂದ ಶಿರಸಿಗೆ ಸುಮಾರು 60 ಕಿಲೋಮೀಟರ್. ಸಮುದ್ರಮಟ್ಟದಲ್ಲಿ ಹೊರಟ ಗಾಡಿ ದೇವಿಮನೆ ಘಟ್ಟ ಏರಿ ಸುಮಾರು 590 ಮೀಟರ್ ಎತ್ತರದ ಊರು ಸೇರಬೇಕು. ಇಳಿಯುವಾಗ ಬಾಳೆಗೊನೆ, ಹತ್ತುವಾಗ ಸಿಮೆಂಟು, ಹೆಂಚು ಹೇರುವ ನನ್ನ ಹಳೆಯ ಡೀಸೆಲ್ ಪಿಕಪ್‌ಗೆ ಎಂಜಿನ್ ಅತಿಯಾಗಿ ಬಿಸಿಯಾಗುವುದೇ ದೊಡ್ಡ ಕಾಯಿಲೆ. ಇದಕ್ಕೆ ಗ್ಯಾರೇಜುಗಳಲ್ಲಿ ಹೇಳುವ ಮದ್ದುಗಳನ್ನೆಲ್ಲ ಒಂದೇ ಗಾಡಿಗೆ, ಒಂದೇ ಹಾದಿಯಲ್ಲಿ ಮಾಡಿಸಿ ನೋಡಿದ್ದೇನೆ.

ಎಲ್ಲರೂ ಮೊದಲು ಹೇಳುವುದು ಥರ್ಮೋಸ್ಟಾಟ್ ವಾಲ್ವ್ ಕಿತ್ತು ಬಿಸಾಡಲು. ಖರ್ಚಿಲ್ಲದ ಸಲಹೆ, ಆದರೆ ಕೆಟ್ಟ ಸಲಹೆ. ಅನೇಕ ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಆ ವಾಲ್ವ್‌ಗೆ ಎರಡು ಕೆಲಸ: 82 ಡಿಗ್ರಿಯ ಆಸುಪಾಸಿನಲ್ಲಿ ತೆರೆದು ನೀರನ್ನು ರೇಡಿಯೇಟರ್‌ಗೆ ಬಿಡುವುದು, ತೆರೆಯುತ್ತಲೇ ಬೈಪಾಸ್ ದಾರಿಯನ್ನು ಮುಚ್ಚುವುದು. ವಾಲ್ವ್ ಇಲ್ಲದಿದ್ದರೆ ಬೈಪಾಸ್ ಸದಾ ತೆರೆದೇ ಇದ್ದು, ಬಿಸಿನೀರಿನ ಒಂದು ಪಾಲು ರೇಡಿಯೇಟರ್ ಮುಟ್ಟದೆ ಎಂಜಿನ್‌ಗೇ ಮರಳುತ್ತದೆ. ನಾನು ವಾಲ್ವ್ ಕಿತ್ತು ಓಡಿಸಿದಾಗ, ಬಯಲಿನಲ್ಲಿ ತಗ್ಗಿದ್ದ ಬಿಸಿ ತೋರುವ ಮುಳ್ಳು ಘಟ್ಟದಲ್ಲಿ ಮೊದಲಿಗಿಂತ ಬೇಗ ಮೇಲೇರಿತು. ಮಳೆಗಾಲದ ಬೆಳಗ್ಗೆ ಎಂಜಿನ್ ಹದಕ್ಕೆ ಬರಲು ತಡವಾಗಿ ಹೊಗೆಯೂ ಡೀಸೆಲ್ ಖರ್ಚೂ ಹೆಚ್ಚಿದವು. ಹಳೆಯ ವಾಲ್ವ್ ಬಗ್ಗೆ ಅನುಮಾನವಿದ್ದರೆ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ನೀರು ಕುದಿಯುವ ಹೊತ್ತಿಗೆ ಅದು ಪೂರ್ತಿ ತೆರೆದಿರಬೇಕು, ತಣಿದಾಗ ಮುಚ್ಚಬೇಕು. ಇಲ್ಲವಾದರೆ ಹೊಸದು ಹಾಕಿಸಿ.

ನಿಜವಾದ ಪೈಪೋಟಿ ಇರುವುದು ರೇಡಿಯೇಟರ್ ವಿಷಯದಲ್ಲಿ. ಬಾಟಲಿಯಲ್ಲಿ ಬರುವ ಕ್ಲೀನರ್ ಸುರಿದು ತೊಳೆದರೆ ತೆಳುವಾದ ತುಕ್ಕಿನ ಕೆಸರು ಹೋಗುತ್ತದೆ. ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದ ರೇಡಿಯೇಟರ್‌ಗೆ ಅದು ಸಾಲದು. ಮುಚ್ಚಿಹೋದ ಕೊಳವೆಯಲ್ಲಿ ನೀರೇ ಹರಿಯದಿದ್ದರೆ ಔಷಧ ಒಳಹೋಗುವುದಾದರೂ ಹೇಗೆ?

ತಾಮ್ರ-ಹಿತ್ತಾಳೆಯ ರೇಡಿಯೇಟರ್ ಆದರೆ ರಾಡ್ ಹೊಡೆಸಬಹುದು, ಅಂದರೆ ಕೊಳವೆಗಳೊಳಗೆ ಸರಳು ತೂರಿಸಿ ಕಟ್ಟಿದ ಪದರ ಕೆರೆಸಿ ತೆಗೆಸಬಹುದು. ಬೆಸುಗೆ ಬಿಡಿಸಿ ಮೇಲಿನ ಟ್ಯಾಂಕ್ ಎತ್ತಿದಾಗ ಕೊಳವೆಗಳ ಬಾಯಿಗಳು ಸಾಲಾಗಿ ಕಂಡವು. ಅಂಚಿನ ಸಾಲುಗಳು ಸುಣ್ಣದಂಥ ಬಿಳಿ ಗಡಸು ಪದರದಿಂದ ಮುಚ್ಚಿಹೋಗಿದ್ದವು. ಕೆಲಸಗಾರರು ಚಪ್ಪಟೆ ಸರಳನ್ನು ಒಂದೊಂದು ಕೊಳವೆಯೊಳಗೂ ಇಳಿಸಿ ಎಳೆದಂತೆ ಕೆಳಗಿನ ತುದಿಯಿಂದ ಚಕ್ಕೆಗಳು ಉದುರಿದವು. ಮತ್ತೆ ಬೆಸುಗೆ ಹಾಕಿ, ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಸೋರಿಕೆ ನೋಡಿ ಕೊಟ್ಟರು. ಅದೇ ಭಾರ ಹೇರಿ ಅದೇ ಘಟ್ಟ ಹತ್ತಿದಾಗ ಮುಳ್ಳು ನಡುವಿನ ಗೆರೆ ದಾಟಲಿಲ್ಲ. ಒಂದು ಎಚ್ಚರಿಕೆ: ಕೊಳವೆಗಳ ನಡುವಿನ ತಾಮ್ರದ ರೆಕ್ಕೆಗಳನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಹಸಿರು ಪುಡಿಯಾಗಿ ಉದುರಿದರೆ ರಾಡ್ ಹೊಡೆಸಿ ಪ್ರಯೋಜನವಿಲ್ಲ, ಒಳಗಿನ ಕೋರ್ (ಕೊಳವೆ, ರೆಕ್ಕೆಗಳ ಭಾಗ) ಬದಲಿಸಬೇಕು. ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಗಾಡಿಗಳವರು ಇದನ್ನು ಮರೆಯಬಾರದು.

ಪ್ಲಾಸ್ಟಿಕ್ ಟ್ಯಾಂಕಿನ ಹೊಸ ಅಲ್ಯೂಮಿನಿಯಂ ರೇಡಿಯೇಟರ್ ಹಗುರ, ಬಿಸಿ ಇಳಿಸುವುದರಲ್ಲಿ ಹಳೆಯದಕ್ಕಿಂತ ಒಂದು ಕೈ ಮೇಲು. ಇದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಅದಕ್ಕೆ ಸರಿಯಾದ ಕೂಲೆಂಟ್ (ತುಕ್ಕು, ಸವೆತ ತಡೆಯುವ ತಂಪುದ್ರವ) ತಪ್ಪದೆ ಬೇಕು. ಕಂಡಲ್ಲಿನ ನೀರು ಸುರಿದರೆ ಅಲ್ಯೂಮಿನಿಯಂ ಒಳಗೊಳಗೇ ಸವೆಯುತ್ತದೆ. ಹೋಸ್ ಪೈಪ್ ಕೂರುವ ಪ್ಲಾಸ್ಟಿಕ್ ಕತ್ತು ವರ್ಷಗಳ ಬಿಸಿಗೆ ಪೆಡಸಾಗಿ ಬಿರುಕು ಬಿಟ್ಟರೆ ಬೆಸುಗೆ ಹಾಕುವಂತಿಲ್ಲ. ಹಿತ್ತಾಳೆ ಟ್ಯಾಂಕ್ ಸೋರಿದರೆ ಸಣ್ಣ ಊರಿನಲ್ಲೂ ಅರ್ಧ ದಿನದಲ್ಲಿ ಬೆಸುಗೆ ಸಿಗುತ್ತದೆ. ಹಾಗಾಗಿ ಘಟ್ಟದಲ್ಲಿ ದುಡಿಯುವ ಗಾಡಿಗೆ ನನ್ನ ಆಯ್ಕೆ ಹಿತ್ತಾಳೆಯದೇ. ಪೇಟೆಯೊಳಗೆ ಓಡಿಸುವವರು, ಕೂಲೆಂಟ್ ವಿಷಯದಲ್ಲಿ ಶಿಸ್ತಿರುವವರು ಅಲ್ಯೂಮಿನಿಯಂ ಹಾಕಿಸಿದರೆ ನಷ್ಟವೇನಿಲ್ಲ.

ಯಾವುದೇ ಇರಲಿ, ಮುಚ್ಚಳ ಹೊಸದಾಗಿರಲಿ. ಸುಮಾರು 1 ಬಾರ್ ಒತ್ತಡ ಹಿಡಿಯುವ ಮುಚ್ಚಳದ ಕೆಳಗೆ ನೀರು 120 ಡಿಗ್ರಿಯ ತನಕ ಕುದಿಯದು. ರಬ್ಬರ್ ಸವೆದ ಮುಚ್ಚಳವಾದರೆ 100ಕ್ಕೇ ಕುದಿಯುತ್ತದೆ. ಇನ್ನು, ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿ ನೋಡಿ. ಗುಳ್ಳೆಗಳು ಬಿಡದೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ನಡುವಿನ ಸೀಲು) ಹೋಗಿರುವ ಸಾಧ್ಯತೆ ದೊಡ್ಡದು. ಆಗ ರೇಡಿಯೇಟರ್‌ಗೆ ಹಣ ಸುರಿಯಬೇಡಿ.

ವಿಸ್ಕಸ್ ಫ್ಯಾನ್ (ಬಿಸಿ ಏರಿದಾಗ ಮಾತ್ರ ಜೋರಾಗಿ ತಿರುಗುವ ಫ್ಯಾನ್) ಸೋತಾಗ ಅದನ್ನು ಬೋಲ್ಟ್ ಹಾಕಿ ಬಿಗಿದುಬಿಡುವ ರೂಢಿ ಇದೆ. ಗಾಳಿ ಸಿಗುತ್ತದೆ, ನಿಜ. ಆದರೆ ಫ್ಯಾನ್ ಹೊತ್ತುಗೊತ್ತಿಲ್ಲದೆ ತಿರುಗಿ ಎಂಜಿನ್‌ನ ಶಕ್ತಿ ತಿನ್ನುತ್ತದೆ, ಕಿವಿ ತೂತಾಗುವಂಥ ಸದ್ದು ಬೇರೆ. ಮನೆ ಮುಟ್ಟುವ ಮಟ್ಟಿಗೆ ಇದು ಸಾಕು, ಆಮೇಲೆ ಫ್ಯಾನಿನ ನಡುವಿನ ಹಬ್ ಹೊಸದು ಹಾಕಿಸುವುದೇ ಸರಿ.

ಎಂಜಿನ್ ಬಿಸಿಗೆ ಸಂಬಂಧವಿಲ್ಲದಿದ್ದರೂ, ಇದೇ ಗಾಡಿಯ ಇನ್ನೆರಡು ರಿಪೇರಿಗಳ ಮಾತು. ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸಿ, ಡೀಸೆಲ್ ಫಿಲ್ಟರ್ ಬಳಿಯ ಹ್ಯಾಂಡ್ ಪಂಪ್ ಒತ್ತಿದ ಮೇಲೆ ಸರಿಹೋದರೆ ಡೀಸೆಲ್ ಲೈನಿನಲ್ಲಿ ಗಾಳಿ ಸೇರುತ್ತಿದೆ ಎಂದು ತಿಳಿಯಿರಿ. ಎಲೆಕ್ಟ್ರಿಕ್ ಪಂಪ್ ಜೋಡಿಸುವುದಕ್ಕಿಂತ, ಫಿಲ್ಟರ್ ಆದಮೇಲೆ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪ್ ಹಾಕಿ ಗುಳ್ಳೆ ಹುಡುಕುವುದು ನನಗೆ ಹೆಚ್ಚು ಫಲ ಕೊಟ್ಟಿತು. ಹಳೆಯ ರಬ್ಬರ್ ಪೈಪು, ತಾಮ್ರದ ವಾಷರ್ ಬದಲಿಸಿದ್ದಷ್ಟೇ ರಿಪೇರಿ.

ಹಿಂಬದಿಯಲ್ಲಿ ಭಾರ ಹೊರುವ ಸ್ಪ್ರಿಂಗ್ ಪ್ಲೇಟ್‌ಗಳು ಕುಸಿದಾಗ ಗ್ಯಾಸ್ ಉರಿಯಲ್ಲಿ ಕಾಯಿಸಿ ಬಗ್ಗಿಸುವವರಿಂದ ದೂರವಿರಿ, ಉಕ್ಕಿನ ಹದವೇ ಕೆಡುತ್ತದೆ. ಕಾಯಿಸದೆ ಬಡಿದು ಬಗ್ಗಿಸಿದ ಪ್ಲೇಟ್ ಭಾರ ಹೇರುವ ಗಾಡಿಯಲ್ಲಿ ಬೇಗ ಮತ್ತೆ ಕುಸಿಯುತ್ತದೆ. ಹೆಚ್ಚುವರಿ ಪ್ಲೇಟ್ ಸೇರಿಸಿದರೆ ಖಾಲಿ ಗಾಡಿ ಕುಪ್ಪಳಿಸಿ ಆ ಪೆಟ್ಟು ಚಾಸಿಗೆ ಹೋಗುತ್ತದೆ. ಹೊಸ ಸೆಟ್ಟು, ಅದರೊಂದಿಗೆ ಪ್ಲೇಟ್‌ಗಳನ್ನು ಆಕ್ಸಲ್‌ಗೆ ಬಿಗಿಯುವ ಹೊಸ ಯು-ಬೋಲ್ಟ್ ಹಾಕಿಸಿ. ಭಾರ ಹೇರಿ ಕೆಲವು ದಿನ ಓಡಿಸಿದ ಮೇಲೆ ಆ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿಕೊಳ್ಳಿ.