ಮಾವನ ಕವಳದ ಚಾಕು: ಮೂರು ಬಗೆ, ಒಂದು ಮಳೆಗಾಲ

ಸಿರ್ಸಿಯ ಸೋದರಮಾವನ ಸೊಂಟದಲ್ಲಿ ಕವಳಕ್ಕೆಂದು, ಅಂದರೆ ಎಲೆಯಡಿಕೆಗೆಂದು, ಮೂವತ್ತು ವರ್ಷ ಇದ್ದ ಮಡಚುವ ಚಾಕು ಹೋದ ವರ್ಷ ತೋಟದ ಕಾಲುವೆಯ ಪಾಲಾಯಿತು. ಪೇಟೆಯಿಂದ ಒಂದು ತಂದುಕೊಟ್ಟಿದ್ದರೆ ಮುಗಿಯುತ್ತಿತ್ತು. ಅವರ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಕೈಯಾರೆ ಮಾಡಿದ್ದನ್ನೇ ಕೊಡಬೇಕು ಎಂಬ ಹುಚ್ಚು ನನಗೆ ಹತ್ತಿತು. ಕಮ್ಮಾರಿಕೆ ನನಗೆ ಬಾರದು. ಹಾಗಾಗಿ ಅಲಗು, ಸ್ಪ್ರಿಂಗು ಎಲ್ಲ ಹದಗೊಳಿಸಿ ಕಳಿಸುವ ಕಿಟ್ ತರಿಸಿ, ಹಿಡಿಯನ್ನಷ್ಟೇ ನಾನು ಕಟ್ಟುವುದೆಂದು ಹೊರಟೆ. ಒಂದರಲ್ಲಿ ಮುಗಿಯಲಿಲ್ಲ, ಮೂರಾಯಿತು. ಎರಡನ್ನು ಅಮೆರಿಕದಿಂದ ಬಂದ ತಮ್ಮ ಲಗೇಜಿನಲ್ಲಿ ತಂದ. (ಕೈಚೀಲದಲ್ಲಿ ಚಾಕು ವಿಮಾನ ಹತ್ತುವುದಿಲ್ಲ, ನೆನಪಿರಲಿ.) ಮಾವನ ಹಳೇ ಮನೆ ಕೆಡವಿದಾಗ ಹೆಬ್ಬಾಗಿಲ ಚೌಕಟ್ಟಿನ ಬೀಟೆಯ ತುಂಡೊಂದನ್ನು ಎತ್ತಿಟ್ಟುಕೊಂಡಿದ್ದೆ. ಕಿಟ್‌ಗಳ ಹಿಡಿಗೆ ಅದೇ ಮರ.

ಮೊದಲು ಮಾಡಿದ್ದು ಲೈನರ್ ಲಾಕ್. 1980ರ ದಶಕದಲ್ಲಿ ಅಮೆರಿಕದ ಚಾಕು ಕುಶಲಕರ್ಮಿ ಮೈಕಲ್ ವಾಕರ್ ಈ ಲಾಕಿಗೆ ಇಂದಿನ ರೂಪ ಕೊಟ್ಟರು. ಹಿಡಿಯೊಳಗಿನ ಎರಡು ತಗಡುಗಳಲ್ಲಿ ಒಂದರ ತುದಿಯನ್ನು ಸೀಳಿ ಬಾಗಿಸಿರುತ್ತಾರೆ. ಅಲಗು ತೆರೆದಾಗ ಆ ನಾಲಿಗೆ ಒಳಗೆ ಸರಿದು ಅಲಗಿನ ಬುಡಕ್ಕೆ ಆನಿಕೊಳ್ಳುತ್ತದೆ. ಎಲ್ಲ ಸ್ಕ್ರೂಗಳೇ ಆದ್ದರಿಂದ ತಪ್ಪಾದರೆ ಬಿಚ್ಚಿ ಮತ್ತೆ ಕೂಡಿಸಬಹುದು. ಹೊಸಬರಿಗೆ ಇದೇ ಒಳ್ಳೆಯದು ಎಂದು ಓದಿದ್ದೆ, ಒಪ್ಪುತ್ತೇನೆ. ಆದರೂ ನಾನು ಎಡವಿದೆ. ಬೀಟೆಯಲ್ಲಿ ಎಣ್ಣೆಯಂಶ ಜಾಸ್ತಿ, ಅಂಟು ಹಿಡಿಯುವುದಿಲ್ಲವೆಂದು ಅಸಿಟೋನ್ ಹಾಕಿ ಒರೆಸಿ, ಧಾರಾಳವಾಗಿ ಎಪಾಕ್ಸಿ ಬಳಿದು, ರಾತ್ರಿಯಿಡೀ ಕ್ಲ್ಯಾಂಪ್ ಹಾಕಿಟ್ಟೆ. ಬೆಳಗ್ಗೆ ನೋಡಿದರೆ ಲಾಕಿನ ನಾಲಿಗೆಯೂ ಮರಕ್ಕೆ ಅಂಟಿ ಕೂತಿದೆ! ಚಾಕು ತೆರೆಯುತ್ತದೆ, ನಾಲಿಗೆ ಮಿಸುಕುವುದಿಲ್ಲ. ಹೆಂಡತಿಯ ಹೇರ್ ಡ್ರೈಯರ್‌ನಿಂದ ಚೆನ್ನಾಗಿ ಕಾಯಿಸಿದ ಮೇಲೆ ಎಪಾಕ್ಸಿ ಮೆತ್ತಗಾಗಿ ಮರ ಬಿಟ್ಟಿತು. ಎರಡನೇ ಸಲ ನಾಲಿಗೆಯ ಹಿಂಬದಿಗೆ ಮೇಣ ಸವರಿ, ಅಲ್ಲಿ ಅಂಟನ್ನೇ ಹಾಕದೆ ಕೂಡಿಸಿದೆ. ಅಷ್ಟು ಬಿಟ್ಟರೆ ಎರಡು ಸಂಜೆಯ ಕೆಲಸ.

ಎರಡನೆಯದು ಸ್ಲಿಪ್ ಜಾಯಿಂಟ್. ನಮ್ಮ ಅಜ್ಜಂದಿರ ಜೇಬಿನ ಚಾಕಿನ ಬಗೆ. ಇದಕ್ಕೆ ಲಾಕ್ ಇಲ್ಲ. ಬೆನ್ನಿನಲ್ಲಿರುವ ದಪ್ಪ ಸ್ಪ್ರಿಂಗು ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ. ತೆರೆದಾಗಲೂ ಮಡಚಿದಾಗಲೂ 'ಟಕ್' ಎನ್ನುತ್ತದೆ. ಆ ಸದ್ದಿಗಾಗಿಯೇ ಈ ಕಿಟ್ ತರಿಸಿದೆ ಎಂದರೂ ಸುಳ್ಳಲ್ಲ. ಇಲ್ಲಿ ಸ್ಕ್ರೂ ಇಲ್ಲ, ಹಿತ್ತಾಳೆ ಕಡ್ಡಿಗಳನ್ನು ತೂರಿಸಿ ಎರಡೂ ತುದಿ ಬಡಿದು ಅರಳಿಸಬೇಕು. ಒಂದೇ ಪೆಟ್ಟು ಜೋರಾದರೂ ಅಲಗು ಬಿಗಿದುಕೊಂಡು ಉಗುರಿನಲ್ಲಿ ಎಳೆದರೂ ಬರುವುದಿಲ್ಲ. ಸಡಿಲ ಬಿಟ್ಟರೆ ಅಲಗು ಅಡ್ಡಡ್ಡ ಅಲುಗುತ್ತದೆ. ಬಿಗಿಯಾದರೆ ಕಡ್ಡಿಯ ತಲೆ ಉಜ್ಜಿ, ಹೊಡೆದು ತೆಗೆದು, ಹೊಸ ಕಡ್ಡಿ ಹಾಕಬೇಕು. ನಾನು ಎರಡು ಕಡ್ಡಿ ಹಾಳುಮಾಡಿದೆ. ಮೂರನೆಯದಕ್ಕೆ ಅಲಗಿಗೂ ತಗಡಿಗೂ ನಡುವೆ ಎಣ್ಣೆ ಹಚ್ಚಿದ ತೆಳು ಕಾಗದದ ಪಟ್ಟಿ ಇಟ್ಟು, ಗುಂಡುತಲೆಯ ಪುಟ್ಟ ಸುತ್ತಿಗೆಯಲ್ಲಿ ಕುಟ್ಟುವುದಕ್ಕಿಂತ ಮುಟ್ಟುವಂತೆ ಬಡಿದು, ಕೊನೆಗೆ ಕಾಗದ ಎಳೆದು ತೆಗೆದೆ. ಕಾಗದದಷ್ಟೇ ಜಾಗ ಉಳಿದು ಅಲಗು ಸಲೀಸಾಯಿತು. ಈ ಒಂದು ಉಪಾಯ ಮೊದಲೇ ಗೊತ್ತಿದ್ದರೆ ಒಂದು ಭಾನುವಾರ ಉಳಿಯುತ್ತಿತ್ತು.

ಹಿಡಿಗೆ ಆಕಾರ ಕೊಡುವ ಕೆಲಸ ಎರಡಕ್ಕೂ ಒಂದೇ. ಅಲಗಿಗೆ ಟೇಪ್ ಸುತ್ತಿ, ಅರದಿಂದ ಶುರುಮಾಡಿ, 120, 220, 400, 600ರ ಪಾಲಿಶ್ ಪೇಪರ್‌ವರೆಗೆ ಉಜ್ಜುವುದು. ಬೀಟೆಯ ಧೂಳು ಮೂಗಿಗೂ ಚರ್ಮಕ್ಕೂ ಆಗದು, ಮಾಸ್ಕ್ ಇಲ್ಲದೆ ಮುಟ್ಟಬೇಡಿ. ನೂರು ವರ್ಷದ ಮಸಿ ಸರಿದು ನೇರಳೆ ಬೆರೆತ ಕಂದುಬಣ್ಣ ಮೇಲೆದ್ದ ಗಳಿಗೆಗೆ ಮಾತ್ರ ಬಾಲ್ಕನಿಯ ಸೆಕೆ, ಕೆಳಗಿನ ಮನೆಯವರ ಗೊಣಗಾಟ ಎಲ್ಲ ಮರೆತುಹೋಯಿತು. ಮೇಲಿಂದ ಅಗಸೆ ಎಣ್ಣೆ, ಜೇನುಮೇಣ.

ಮೂರನೆಯದನ್ನು ಕಿಟ್ ಎನ್ನುವುದು ಅರ್ಧ ಸುಳ್ಳು. ಉಂಗುರದ ಲಾಕ್ ಇರುವ, ಫ್ರಾನ್ಸಿನ ಹಳ್ಳಿಗರ ಜೇಬಿನ ಮಾದರಿಯ ಸಿದ್ಧ ಚಾಕು ತಂದು, ಅದರ ಮರದ ಹಿಡಿಯ ವಾರ್ನಿಷ್ ಕೆರೆದು ಅಡಿಕೆ ಹೂವಿನ ಗೊನೆ ಕೆತ್ತಿದೆ. ಅಗ್ಗ, ಹಗುರ, ಒಂದೇ ರಾತ್ರಿಯ ಕೆಲಸ. ನೋಡಿದವರೆಲ್ಲ ಹೊಗಳಿದ್ದೂ ಇದನ್ನೇ.

ಆಷಾಢದಲ್ಲಿ ಮೂರನ್ನೂ ಒಯ್ದು ಮಾವನ ಜಗಲಿಯಲ್ಲಿಟ್ಟೆ. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದೆಂದು ಅತ್ತೆ ಎಚ್ಚರಿಸಿದ್ದರಿಂದ ಮಣೆಯ ಮೇಲೆ. ಒಂದನ್ನು ಆರಿಸಿಕೊಳ್ಳಿ ಎನ್ನದೆ, ಹದಿನೈದು ದಿನ ಮೂರನ್ನೂ ಬಳಸಿ ಎಂದೆ.

ನಾಲ್ಕೇ ದಿನಕ್ಕೆ ಕೆತ್ತಿದ ಚಾಕು ಸೋತಿತು. ಸಿರ್ಸಿಯ ಮಳೆಯ ತೇವಕ್ಕೆ, ವಾರ್ನಿಷ್ ಕಳೆದುಕೊಂಡಿದ್ದ ಮರ ಊದಿ ಅಲಗನ್ನು ಕಚ್ಚಿಹಿಡಿಯಿತು. ಹಿಡಿಯ ಹಿಂತುದಿಯನ್ನು ಕಂಬಕ್ಕೆ ಕುಟ್ಟಿದರೆ ಅಲಗು ಚೂರು ಹೊರಬರುತ್ತದೆ. ಫ್ರಾನ್ಸಿನ ಸವಾಯ್ ಪ್ರಾಂತ್ಯದವರು ಹಾಗೇ ಮಾಡುತ್ತಾರಂತೆ. ಮಾವ ಎರಡು ಸಲ ಕುಟ್ಟಿ ಬದಿಗಿಟ್ಟರು. ಅದರ ಅಲಗು ಕಾರ್ಬನ್ ಸ್ಟೀಲು ಬೇರೆ. ಹಸಿ ಅಡಿಕೆಯ ಚೊಗರು ತಾಗಿ ಒಂದೇ ದಿನಕ್ಕೆ ಕಪ್ಪಾಯಿತು. ಅತ್ತೆಗೆ ಅದು ಹೊಲಸು, ನನಗೆ ಚಂದ. ಹರಿತದಲ್ಲಿ ಮಾತ್ರ ಉಳಿದೆರಡೂ ಅದರ ಹತ್ತಿರ ಸುಳಿಯವು. ಅವು ಸ್ಟೇನ್‌ಲೆಸ್, ಮಸೆಗಲ್ಲಿನಲ್ಲಿ ಹೊತ್ತು ಹಿಡಿಯುತ್ತವೆ.

ಲೈನರ್ ಲಾಕ್ ಗಟ್ಟಿಮುಟ್ಟು. ಗೋಣಿಚೀಲ ಕೊಯ್ಯಲು, ಹಗ್ಗ ಕತ್ತರಿಸಲು ಒತ್ತಿ ಹಿಡಿದರೂ ಮಡಚುವ ಭಯವಿಲ್ಲ. ಬೆಂಗಳೂರಿನ ನನ್ನ ಬಾಲ್ಕನಿಯಲ್ಲಿ ನಾನು ಇದಕ್ಕೇ ಮೊದಲ ಸ್ಥಾನ ಕೊಟ್ಟಿದ್ದೆ. ಮಾವ ಅದನ್ನು ತೆರೆದರು, ಎಲೆಯ ತೊಟ್ಟು ಕೊಯ್ದರು, ಆಮೇಲೆ ತಿರುಗಿಸಿ ತಿರುಗಿಸಿ ನೋಡಿದರು.

“ಏ ಅಪ್ಪಿ, ಇದ್ನ ಮುಚ್ಚದು ಹ್ಯಾಂಗ?”

ಹೆಬ್ಬೆರಳಿನಿಂದ ನಾಲಿಗೆಯನ್ನು ಪಕ್ಕಕ್ಕೆ ತಳ್ಳಬೇಕು. ಆಗ ಹೆಬ್ಬೆರಳು ಅಲಗು ಮಡಚುವ ದಾರಿಯಲ್ಲೇ ಇರುತ್ತದೆ. ಸುಣ್ಣ ಹತ್ತಿದ, ಒದ್ದೆಯಾದ, ಸಂಧಿವಾತದ ಬೆರಳು. ತೋರಿಸಿಕೊಡುವಾಗ ನನಗೇ ಎದೆ ಝಲ್ಲೆಂದಿತು. ಕಟ್ಟುವಾಗ ಒಂದು ಸಲವೂ ಹೊಳೆಯದ ಸಂಗತಿ!

ಸ್ಲಿಪ್ ಜಾಯಿಂಟಿಗೆ ವಿವರಣೆಯೇ ಬೇಕಾಗಲಿಲ್ಲ. ಅಲಗಿನ ಮೇಲಿನ ಉಗುರುಗಚ್ಚಿಗೆ ಉಗುರು ಕೊಟ್ಟು ತೆರೆದರು, ಅಂಗೈಯಿಂದ ಬೆನ್ನು ಒತ್ತಿ ಮಡಚಿದರು, ಟಕ್. ಲಾಕಿಲ್ಲದ ಚಾಕಿನಲ್ಲಿ ತುದಿಯಿಂದ ಚುಚ್ಚಬಾರದು ಎಂದು ನಾನು ಹೇಳಹೊರಟರೆ, ಮೂವತ್ತು ವರ್ಷ ಅಂಥದ್ದನ್ನೇ ಇಟ್ಟುಕೊಂಡವರು ನಕ್ಕರು. ತಕರಾರೂ ಇತ್ತು: ಬೆಳಗಿನ ಚಳಿಯಲ್ಲಿ ಬೆರಳು ಬಿಗಿದಾಗ ಸ್ಪ್ರಿಂಗು ಗಟ್ಟಿ ಎನಿಸುತ್ತದೆ. ಬಿಚ್ಚಿ ಸರಿಮಾಡೋಣವೆಂದರೆ ಕಡ್ಡಿ ಒಡೆಯಬೇಕು, ಅದು ನನ್ನಿಂದಾಗದು. ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟುಕೊಂಡರು. ಹಿಡಿ ಯಾವ ಮರ ಎಂದು ಕೇಳಿದಾಗ ಹೇಳಿದೆ. ಹೆಬ್ಬೆರಳಿನಲ್ಲಿ ಒಮ್ಮೆ ಸವರಿ ಸೊಂಟಕ್ಕೆ ಸಿಕ್ಕಿಸಿಕೊಂಡರು, ಮತ್ತೆ ಮಣೆಯ ಮೇಲಿಡಲಿಲ್ಲ.

ಲೈನರ್ ಲಾಕ್ ಈಗ ನನ್ನ ಬೈಕಿನ ಟೂಲ್ ಬಾಕ್ಸಿನಲ್ಲಿದೆ. ಕೆತ್ತಿದ್ದಕ್ಕೆ ಇನ್ನೊಂದು ಕೋಟು ವಾರ್ನಿಷ್ ಹಚ್ಚಿಟ್ಟಿದ್ದೇನೆ, ಮಾವಿನಹಣ್ಣಿನ ಕಾಲಕ್ಕೆ ಹೊರತೆಗೆಯಲು.