ಹೆಡ್‌ಫೋನ್ ಕಪ್ಪಿಗೆ ತೂತು ಕೊರೆಯುವ ಮೊದಲು ಇದನ್ನು ಓದಿ

ಎಂಟು ವರ್ಷ ಮುನಿಸಿಕೊಳ್ಳದೆ ಹಾಡಿದ ಒಂದು ಹೆಡ್‌ಫೋನನ್ನು ನಾನು ಎರಡು ಭಾನುವಾರಗಳಲ್ಲಿ ಕೊಂದೆ. ಅದಕ್ಕಿದ್ದ ಕಾಯಿಲೆ ಇಷ್ಟೇ: ಬಲಗಿವಿಯ ದನಿ ಆಗಾಗ ಮಾಯವಾಗುತ್ತಿತ್ತು, ಪ್ಲಗ್ಗಿನ ಬುಡದಲ್ಲಿ ಕೇಬಲ್ಲನ್ನು ಸ್ವಲ್ಪ ತಿರುಚಿ ಹಿಡಿದರೆ ಮರಳಿ ಬರುತ್ತಿತ್ತು. ಪ್ಲಗ್ಗಿನ ಬುಡ ಎಂಬ ಮಾತನ್ನು ನೀವು ನೆನಪಿನಲ್ಲಿಡಿ. ನಾನು ಇಡಲಿಲ್ಲ.

ನನ್ನ ತಲೆಯಲ್ಲಿ ಆಗ ಬೇರೆಯೇ ಆಸೆ ಕುಳಿತಿತ್ತು. ದುಬಾರಿ ಹೆಡ್‌ಫೋನ್‌ಗಳ ಹಾಗೆ ಇದಕ್ಕೂ ಕಳಚುವ ಕೇಬಲ್ ಇರಬೇಕು. ಕೇಬಲ್ ಕೆಟ್ಟರೆ ಕಿತ್ತು ಇನ್ನೊಂದನ್ನು ಚುಚ್ಚಿದರಾಯಿತು, ಕಾಲಿಗೆ ಸಿಕ್ಕಿ ಎಳೆದರೂ ತಾನಾಗಿ ಕಳಚಿಕೊಳ್ಳುತ್ತದೆ. ಎಡಗಿವಿಯನ್ನು ಮುಚ್ಚುವ ಕಪ್ಪಿನಲ್ಲಿ ಕೇಬಲ್ ಒಳಹೋಗುವ ತೂತನ್ನೇ ದೊಡ್ಡದು ಮಾಡಿ 3.5 ಮಿಲಿಮೀಟರ್ ಸಾಕೆಟ್ ಕೂರಿಸುವುದು, ಮೂರು ತಂತಿ ಬೆಸೆಯುವುದು; ಒಂದು ಗಂಟೆಯ ಕೆಲಸ ಎಂದುಕೊಂಡೆ. ಬೆಸುಗೆ ನನಗೆ ಹೊಸದೇನಲ್ಲ. ಆಟಿಕೆ, ಟಾರ್ಚು, ಹಳೆಯ ರೇಡಿಯೊಗಳ ತಂತಿ ಬೆಸೆದ ಕೈ ಇದು. ಅರ್ಧ ಕಲಿತವನ ಧೈರ್ಯ ಪೂರ್ತಿ ಕಲಿತವನಿಗೆ ಎಲ್ಲಿಂದ ಬರಬೇಕು!

ಮೊದಲು ಮಾಡಿದ ಕೆಲಸವೆಂದರೆ ಕೇಬಲ್ಲನ್ನು ಕಪ್ಪಿನ ಬುಡಕ್ಕೇ ಕತ್ತರಿಸಿದ್ದು. ಹಿಂದಿರುಗುವ ದಾರಿ ಅಲ್ಲಿಗೇ ಮುಚ್ಚಿತು. ಆಮೇಲೆ ಕಿವಿದಿಂಬು ಕಿತ್ತು, ನಾಲ್ಕು ತಿರುಪು ಬಿಚ್ಚಿ, ಸದ್ದು ಹೊರಡಿಸುವ ಡ್ರೈವರ್ ಕೂತಿದ್ದ ತಟ್ಟೆಯನ್ನು ಮೇಲೆತ್ತಿದೆ. ಒಳಗೆ ಕೇಬಲ್ಲಿಗೆ ಒಂದು ಗಂಟು ಹಾಕಿದ್ದರು. ಹೊರಗಿನಿಂದ ಎಷ್ಟೇ ಎಳೆದರೂ ಆ ಜಗ್ಗು ಬೆಸುಗೆಯ ತನಕ ಬರದಂತೆ ತಡೆಯುವುದು ಆ ಗಂಟು. ಎಡಕ್ಕೆ ಬೇಕಾದ ತಂತಿ ಎಡ ಡ್ರೈವರ್‌ನಲ್ಲೇ ನಿಂತು, ಬಲಕ್ಕೆ ಬೇಕಾದದ್ದು ತಲೆಪಟ್ಟಿಯೊಳಗಿಂದ ಆಚೆ ಕಪ್ಪಿಗೆ ಹೋಗಿತ್ತು. ಯಾವ ತಂತಿ ಎಲ್ಲಿಗೆ ಎಂದು ಒಂದು ಫೋಟೊ ತೆಗೆದುಕೊಂಡೆ. ಆ ಎರಡು ದಿನಗಳಲ್ಲಿ ನಾನು ತೋರಿದ ಬುದ್ಧಿವಂತಿಕೆ ಅದೊಂದೇ.

ಸಾಕೆಟ್ಟಿನ ಉದ್ದವನ್ನೂ ಕಪ್ಪಿನ ಒಳಗಿನ ಆಳವನ್ನೂ ಅಳೆಯಲಿಲ್ಲ. ಡ್ರೈವರನ್ನು ಬೇರ್ಪಡಿಸಲೂ ಇಲ್ಲ. ತಂತಿ ಬಿಚ್ಚಿ ಮತ್ತೆ ಬೆಸೆಯುವ ಸೋಮಾರಿತನಕ್ಕೆ ಅದನ್ನು ಹಾಗೆಯೇ ಪಕ್ಕಕ್ಕೆ ನೇತುಬಿಟ್ಟು ಕೊರೆಯಲು ಕೂತೆ. ಬೇಕಿದ್ದದ್ದು 6 ಮಿಲಿಮೀಟರ್ ತೂತು. ಡ್ರಿಲ್ಲಿನ ವೇಗಕ್ಕೆ ಪ್ಲಾಸ್ಟಿಕ್ ಕತ್ತರಿಸುವ ಬದಲು ಕರಗಿ ಅಂಟಿತು, ಮೊನೆ ಸಿಕ್ಕಿಕೊಂಡು ಕಪ್ಪೇ ಕೈಯಲ್ಲಿ ಗಿರ್ರನೆ ತಿರುಗಿತು, ತೂತು ಓರೆಯಾಯಿತು. ಸರಿಮಾಡಲು ದುಂಡನೆಯ ಅರ ಹಿಡಿದೆ. ಕಪ್ಪನ್ನು ತಲೆಪಟ್ಟಿಗೆ ಹಿಡಿದಿಡುವ ಉಕ್ಕಿನ ಪಟ್ಟಿಯೊಂದು ಅಲ್ಲೇ ಪಕ್ಕದಲ್ಲಿತ್ತು. ಅದರ ಅಂಚು ಅಡ್ಡ ಬಂತು, ಅದನ್ನೂ ಉಜ್ಜಿದೆ.

ನನ್ನ ಹೆಡ್‌ಫೋನ್ ಸತ್ತದ್ದು ಆ ಅರ್ಧ ನಿಮಿಷದಲ್ಲಿ. ನನಗೆ ತಿಳಿದದ್ದು ಮರುವಾರ.

ಡ್ರೈವರ್ ಎಂದರೆ ಏನು ಎಂಬುದನ್ನು ನಾನು ಕೊರೆಯುವ ಮೊದಲು ಯೋಚಿಸಬೇಕಿತ್ತು. ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ, ಅದರ ಬೆನ್ನಿಗೆ ಅಂಟಿಸಿದ ಸಣ್ಣ ತಾಮ್ರದ ಸುರುಳಿ, ಆ ಸುರುಳಿ ಅಲುಗಾಡಲು ಅಯಸ್ಕಾಂತದ ಸುತ್ತ ಒಂದು ಕಿರಿದಾದ ಸಂದು. ಅದೂ ಸಾಮಾನ್ಯ ಅಯಸ್ಕಾಂತವಲ್ಲ. ಬಿಚ್ಚಿಟ್ಟಾಗ ನನ್ನ ತಿರುಪುಳಿಯನ್ನೇ ಟಕ್ಕೆಂದು ಎಳೆದುಕೊಂಡಿತ್ತು. ತಿರುಪುಳಿಯನ್ನು ಎಳೆಯುವಂಥದ್ದು ಉಕ್ಕಿನ ಪುಡಿಯನ್ನು ಬಿಡುತ್ತದೆಯೇ? ಅರದಿಂದ ಉದುರಿದ ಕಣಗಳು ಹಿಂಬದಿಯ ಗಾಳಿಕಿಂಡಿಗಳಿಂದ ನುಗ್ಗಿ ಆ ಸಂದಿಗೇ ಹೋಗಿ ಕೂತವು. ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಚೂರನ್ನೆಲ್ಲ ಊದಿ ತೆಗೆದು, ಚೊಕ್ಕಟವಾಯಿತು ಎಂದು ಬೀಗಿದೆ.

ಬೆಸುಗೆಯ ಕಥೆ ಬೇರೆ. ಹೆಡ್‌ಫೋನ್ ಕೇಬಲ್ಲಿನ ಎಳೆಗಳು ನೋಡಲು ಬರಿ ತಾಮ್ರದಂತೆ ಹೊಳೆಯುತ್ತವೆ, ಆದರೆ ಅನೇಕ ಕೇಬಲ್‌ಗಳಲ್ಲಿ ಒಂದೊಂದು ಎಳೆಗೂ ಎನಾಮಲ್ ಲೇಪ ಇರುತ್ತದೆ. ಕೆಂಪು, ಹಸಿರು ಬಣ್ಣ ಕಾಣುವುದು ಆ ಲೇಪದಿಂದಲೇ. ನಡುವೆ ನೂಲಿನ ಎಳೆಯೂ ಸೇರಿರುತ್ತದೆ. ಈ ಲೇಪವನ್ನು ಬಿಸಿ ಬೆಸುಗೆಯ ಹನಿಯಲ್ಲಿ ಅದ್ದಿ ಸುಡಬೇಕು, ಇಲ್ಲವಾದರೆ ಬೆಸುಗೆ ಮೇಲೆ ಮುದ್ದೆಗಟ್ಟುತ್ತದೆಯೇ ಹೊರತು ಒಳಗೆ ಹಿಡಿಯುವುದಿಲ್ಲ. ನಾನು ಬ್ಲೇಡಿನಿಂದ ಕೆರೆದೆ. ಅರ್ಧ ಎಳೆಗಳು ತುಂಡಾದವು, ಉಳಿದರ್ಧ ಸಾಕೆಟ್ಟಿನ ಕಾಲಿಗೆ ಅಂಟಿದಂತೆ ಕಂಡವು.

ಹಾಡು ಹಾಕಿದೆ. ವಾದ್ಯಗಳೆಲ್ಲ ಅಗಲವಾಗಿ, ಸಭಾಂಗಣದಲ್ಲಿ ಕೂತಂತೆ ಕೇಳಿಸಿದವು. ಐದು ನಿಮಿಷ ಆನಂದಪಟ್ಟೆ. ಆಮೇಲೆ ಹೊಳೆಯಿತು, ಹಾಡುಗಾರ್ತಿಯೇ ಇಲ್ಲ! ದೂರದ ಬಾವಿಯೊಳಗಿಂದ ಅವಳ ದನಿಯ ನೆರಳು ಮಾತ್ರ ಬರುತ್ತಿತ್ತು. ಎರಡೂ ಕಿವಿಗಳಿಗೆ ಸೇರಿದ ಸಾಮಾನ್ಯ ತಂತಿ, ಅಂದರೆ ಗ್ರೌಂಡ್, ಸಾಕೆಟ್ಟಿಗೆ ತಾಗಿರಲಿಲ್ಲ. ಅದು ಬಿಟ್ಟುಹೋದರೆ ಎಡಬಲ ಡ್ರೈವರ್‌ಗಳು ಸರಪಳಿಯಂತೆ ಒಂದರ ಹಿಂದೊಂದು ಸೇರಿಕೊಂಡು ಎರಡು ಚಾನೆಲ್‌ಗಳ ವ್ಯತ್ಯಾಸವನ್ನು ಮಾತ್ರ ನುಡಿಸುತ್ತವೆ. ನಡುವೆ ನಿಂತು ಹಾಡುವವರ ದನಿ ಎರಡರಲ್ಲೂ ಒಂದೇ ಆದ್ದರಿಂದ ಕಳೆದುಹೋಗುತ್ತದೆ. ಮಲ್ಟಿಮೀಟರನ್ನು ಓಮ್‌ಗೆ, ಅಂದರೆ ವಿದ್ಯುತ್ ರೋಧದ ಅಳತೆಗೆ, ಇಟ್ಟು ಪ್ಲಗ್ಗಿನ ತುದಿಗೂ ಬುಡದ ಭಾಗಕ್ಕೂ ಮುಟ್ಟಿಸಿದ್ದರೆ ಎರಡು ಸೆಕೆಂಡಿನಲ್ಲಿ ಗೊತ್ತಾಗುತ್ತಿತ್ತು. 32 ಓಮ್‌ನ ಡ್ರೈವರ್ ಸುಮಾರು ಅಷ್ಟನ್ನೇ ತೋರಿಸಬೇಕು. ಪ್ಲಗ್ಗಿನಲ್ಲಿ ತುದಿ ಎಡಗಿವಿಗೆ, ನಡುವಿನ ಉಂಗುರ ಬಲಗಿವಿಗೆ, ಬುಡದ ಭಾಗ ಎರಡಕ್ಕೂ.

ಅದನ್ನು ಸರಿಮಾಡುವ ಅವಸರದಲ್ಲಿ ಇನ್ನೆರಡು ಪಾಪ ಕಟ್ಟಿಕೊಂಡೆ. ಬೆಸುಗೆ ಹಿಡಿಯಲೆಂದು ಕೊಳಾಯಿ ಕೆಲಸಕ್ಕೆ ಬಳಸುವ ಆಮ್ಲೀಯ ಫ್ಲಕ್ಸ್ ಹಚ್ಚಿದೆ. ಹಿಡಿಯಿತು, ಚೆನ್ನಾಗಿಯೇ ಹಿಡಿಯಿತು. ಅದರ ಉಳಿಕೆ ಸೂಕ್ಷ್ಮ ತಾಮ್ರದ ಎಳೆಯನ್ನು ನಿಧಾನವಾಗಿ ತಿನ್ನುತ್ತದೆ. ಕೆಲವು ವಾರಗಳಲ್ಲಿ ಬೆಸುಗೆಯ ಸುತ್ತ ಹಸಿರು ಕಿಲುಬು ಎದ್ದಿತ್ತು. ಎಲೆಕ್ಟ್ರಾನಿಕ್ಸ್‌ಗೆಂದೇ ಮಾಡಿದ ರಾಳದ ಫ್ಲಕ್ಸ್ ಬಿಟ್ಟು ಬೇರೇನನ್ನೂ ಹತ್ತಿರ ತರಬೇಡಿ. ಎರಡನೆಯದು, ಓರೆ ತೂತಿನಲ್ಲಿ ಅಲುಗಾಡುತ್ತಿದ್ದ ಸಾಕೆಟ್ಟಿಗೆ ಸೂಪರ್ ಗ್ಲೂ ಹಾಕಿ ಕೂಡಲೇ ಕಪ್ಪು ಮುಚ್ಚಿದ್ದು. ಆ ಅಂಟಿನ ಆವಿ ಸುತ್ತಲಿನ ವಸ್ತುಗಳ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಮುಚ್ಚಿದ ಕಪ್ಪಿನೊಳಗೆ ಅದಕ್ಕೆ ಹೋಗಲು ಜಾಗ ಎಲ್ಲಿದೆ?

ಮುಚ್ಚುವಾಗ ತಟ್ಟೆ ಪೂರ್ತಿ ಕೂರಲೂ ಇಲ್ಲ. ಸಾಕೆಟ್ಟಿನ ಬಾಲ ಅಯಸ್ಕಾಂತಕ್ಕೆ ಒತ್ತುತ್ತಿತ್ತು. ತಿರುಪಿನಿಂದ ಬಿಗಿದು ಬಗ್ಗಿಸಿದೆ. ಅಂಚಿನಲ್ಲಿ ಉಳಿದ ಬಿರುಕಿನಿಂದ ಗಾಳಿ ಸೋರಿ ಎಡಗಡೆಯ ಬಾಸ್, ಅಂದರೆ ತಗ್ಗಿನ ದನಿ, ತೆಳ್ಳಗಾಯಿತು. ಮುಚ್ಚಿದ ಬಗೆಯ ಹೆಡ್‌ಫೋನ್‌ನಲ್ಲಿ ಕಪ್ಪಿನೊಳಗಿನ ಗಾಳಿಯೂ ವಾದ್ಯದ ಒಂದು ಭಾಗ, ತೂತು ಕೊರೆಯುವುದೆಂದರೆ ತಂಬೂರಿಯ ಬುರುಡೆಗೆ ತೂತು ಕೊರೆದ ಹಾಗೆ.

ಎರಡನೆಯ ಭಾನುವಾರ ಮೃದಂಗದ ತನಿ ಹಾಕಿದಾಗ ಎಡಗಿವಿಯಲ್ಲಿ ಕಾಗದ ಹರಿದಂತೆ ಸದ್ದು ಬಂತು. ಎಡದ ತೊಪ್ಪಿಯ ಪೆಟ್ಟು ಬಿದ್ದಾಗಲೆಲ್ಲ ಗರಗರ. ಪೊರೆ ದೊಡ್ಡದಾಗಿ ಅಲುಗಿದಾಗ ಸುರುಳಿ ಆ ಉಕ್ಕಿನ ಕಣಗಳಿಗೆ ಉಜ್ಜುತ್ತಿತ್ತು. ಊದಿದೆ, ಅಂಟುಪಟ್ಟಿ ಒತ್ತಿ ಎತ್ತಿದೆ, ಕುಂಚದಿಂದ ಗುಡಿಸಿದೆ. ಮೇಲಿನವು ಬಂದವು, ಸಂದಿನೊಳಗಿನವು ಬರಲಿಲ್ಲ. ಕೊನೆಗೆ ಡ್ರೈವರನ್ನು ಕಳಚಿ ನೋಡೋಣವೆಂದು ಬೆಸುಗೆ ಕೋಲನ್ನು ಅದರ ಕಾಲಿಗೆ ತುಸು ಹೆಚ್ಚು ಹೊತ್ತು ಹಿಡಿದೆ. 350 ಡಿಗ್ರಿಯ ಮೊನೆ, ಕೆಳಗೆ ಸುಮಾರು 100 ಡಿಗ್ರಿಗೇ ಮೆತ್ತಗಾಗುವ ಪ್ಲಾಸ್ಟಿಕ್. ಕಾಲು ಕಿತ್ತು ಬಂತು, ಜೊತೆಗೆ ಕಣ್ಣಿಗೆ ಕಾಣದಷ್ಟು ಸಪೂರವಾದ ಸುರುಳಿಯ ತಂತಿಯೂ.

ನೀವೂ ಇದೇ ಆಸೆಯಲ್ಲಿದ್ದರೆ ಮೊದಲು ಕೇಬಲ್ಲನ್ನು ಗೇಣು ಗೇಣಾಗಿ ಬಗ್ಗಿಸುತ್ತ ಹಾಡು ಕೇಳಿ. ಪ್ಲಗ್ಗಿನ ಬುಡದಲ್ಲಿ ದನಿ ಹೋಗಿಬಂದರೆ ಅಲ್ಲಿಂದ ಎರಡು ಅಂಗುಲ ಕತ್ತರಿಸಿ ಹೊಸ ಪ್ಲಗ್ ಹಾಕಿ, ಕಪ್ಪನ್ನು ಮುಟ್ಟಬೇಡಿ. ಕಳಚುವ ಕೇಬಲ್ ಬೇಕೇ ಬೇಕೆಂದರೆ ಕಪ್ಪಿನಿಂದ ಒಂದು ಗೇಣು ಬಿಟ್ಟು ಕತ್ತರಿಸಿ, ಆ ತುದಿಗೆ ಕೇಬಲ್ಲಿಗೆ ಹಾಕುವ ಹೆಣ್ಣು ಸಾಕೆಟ್ ಬೆಸೆಯಿರಿ. ನೋಡಲು ಬಾಲದಂತೆ ಜೋತಾಡುತ್ತದೆ, ನಿಜ. ಆದರೆ ಒಳಗಿನ ಗಂಟು, ಡ್ರೈವರ್, ಗಾಳಿ ಯಾವುದಕ್ಕೂ ತೊಂದರೆಯಿಲ್ಲ, ಕೈತಪ್ಪಿದರೆ ಇನ್ನೊಂದು ಅಂಗುಲ ಕತ್ತರಿಸಿ ಮತ್ತೆ ಮಾಡಬಹುದು. ಇಷ್ಟು ಹೇಳಿಯೂ ಕಪ್ಪನ್ನೇ ಕೊರೆಯುವವರು ಡ್ರೈವರನ್ನು ಬಿಡಿಸಿ ಮುಚ್ಚಳದ ಡಬ್ಬಿಯಲ್ಲಿಟ್ಟು ಇನ್ನೊಂದು ಕೋಣೆಗೆ ಸಾಗಿಸಿ, ಆಮೇಲೆ ಡ್ರಿಲ್ ಮುಟ್ಟಿ. ಬ್ಯಾಟರಿ ಇರುವ ವೈರ್‌ಲೆಸ್ ಹೆಡ್‌ಫೋನ್ ಆದರೆ ಅದೂ ಬೇಡ. ಲಿಥಿಯಂ ಬ್ಯಾಟರಿಯ ಪಕ್ಕದಲ್ಲಿ ಡ್ರಿಲ್ಲಿಗೂ ಬಿಸಿ ಮೊನೆಗೂ ಕೆಲಸವಿಲ್ಲ.

ಕತ್ತರಿಸಿದ ಹಳೆಯ ಕೇಬಲ್ ಮೇಜಿನ ಡ್ರಾಯರ್‌ನಲ್ಲೇ ಇತ್ತು. ಮೊನ್ನೆ ಅದರ ಪ್ಲಗ್ಗಿನ ತುದಿಯಿಂದ ಎರಡು ಅಂಗುಲ ಕತ್ತರಿಸಿ ಎಸೆದು, ಉಳಿದದ್ದಕ್ಕೆ ಮಲ್ಟಿಮೀಟರ್ ಇಟ್ಟು ನೋಡಿದೆ. ಮೂರು ತಂತಿಗಳೂ ಈ ಕೊನೆಯಿಂದ ಆ ಕೊನೆಯವರೆಗೆ ಸರಿಯಾಗಿವೆ.