ಈವ್ ಆನ್‌ಲೈನ್ ವಿಮರ್ಶೆ: ಮಾಲು ಕೊಡುವವರನ್ನು ಉಳಿಸಿಕೊಂಡರೆ ಮಾತ್ರ ಇಲ್ಲಿ ವ್ಯಾಪಾರ

ಈವ್ ಆನ್‌ಲೈನ್ ಬಗ್ಗೆ ಬರೆಯುವವರೆಲ್ಲ ಯುದ್ಧದ ಕತೆಯನ್ನೇ ಹೇಳುತ್ತಾರೆ. ನಾನು ಯುದ್ಧಕ್ಕೆ ಹೋಗುವವನಲ್ಲ. ಚಿಕ್ಕಮಗಳೂರಿನಲ್ಲಿ ಕೂತು ಹಲವು ವರ್ಷಗಳಿಂದ ಇದರಲ್ಲಿ ಹಡಗು ಕಟ್ಟಿ ಮಾರುತ್ತಿದ್ದೇನೆ, ಕ್ರೂಸರ್ ಅನ್ನುವ ಮಧ್ಯಮ ಗಾತ್ರದ ಹಡಗುಗಳೇ ಜಾಸ್ತಿ. ಹಾಗಾಗಿ ಇದು ಕಟ್ಟಿ ಮಾರುವವನ ವಿಮರ್ಶೆ. ಅದರಲ್ಲೂ ಕಚ್ಚಾ ಮಾಲನ್ನು ಯಾರಿಂದ ತರಬೇಕು, ತಂದ ಮೇಲೆ ಅವರನ್ನು ಹೇಗೆ ಉಳಿಸಿಕೊಳ್ಳಬೇಕು ಅನ್ನುವುದರ ಬಗ್ಗೆ. ನನಗೆ ಈ ಆಟದಲ್ಲಿ ತುಂಬಾ ಇಷ್ಟವಾದದ್ದೇ ಅದು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರಲ್ಲಿ ತಂದ ಬಾಹ್ಯಾಕಾಶದ ಆಟ ಇದು. ಚೀನಾದವರನ್ನು ಬಿಟ್ಟರೆ ಜಗತ್ತಿನವರೆಲ್ಲ ಒಂದೇ ಸರ್ವರ್‌ನಲ್ಲಿ ಆಡುತ್ತಾರೆ. ಹಡಗು, ಗುಂಡು, ಬಹುತೇಕ ಎಲ್ಲವನ್ನೂ ಆಟಗಾರರೇ ಮಾಡಿ ಆಟಗಾರರಿಗೇ ಮಾರಬೇಕು. ಹಡಗು ಒಡೆದರೆ ಹೋಯಿತು, ವಾಪಸ್ ಬರುವುದಿಲ್ಲ. 2014ರ ಜನವರಿಯಲ್ಲಿ ಬಿ-ಆರ್5ಆರ್‌ಬಿ ಎಂಬಲ್ಲಿ ನಡೆದ ಒಂದೇ ಕಾಳಗದಲ್ಲಿ 75 ಟೈಟನ್‌ಗಳು, ಅಂದರೆ ಆಟದ ಅತಿ ದೊಡ್ಡ ಹಡಗುಗಳು, ನಾಶವಾದವು. ಅವನ್ನೆಲ್ಲ ಮತ್ತೆ ಯಾರೋ ಅದಿರು ಅಗೆದು, ಯಾರೋ ಸಾಗಿಸಿ, ಯಾರೋ ಕಟ್ಟಬೇಕಲ್ವಾ? ನಮ್ಮಂಥವರಿಗೆ ಕೆಲಸ ಸಿಗುವುದೇ ಅಲ್ಲಿಂದ.

ಹೊಸಬರು ಬ್ಲೂಪ್ರಿಂಟ್, ಅಂದರೆ ಹಡಗು ಕಟ್ಟಲು ಬೇಕಾದ ನಕ್ಷೆಯ ವಿಷಯಕ್ಕೇ ತಲೆ ಕೆಡಿಸಿಕೊಳ್ಳುತ್ತಾರೆ. ಬ್ಲೂಪ್ರಿಂಟಿನ ಮಟೀರಿಯಲ್ ಎಫಿಶಿಯೆನ್ಸಿಯನ್ನು 10ರ ತನಕ ಏರಿಸಬಹುದು, ಆಗ ಶೇ. 10ರಷ್ಟು ಮಾಲು ಉಳಿಯುತ್ತದೆ. ಒಳ್ಳೆಯದೇ. ಆದರೆ ಹಳಬರೆಲ್ಲರ ಹತ್ತಿರವೂ ಅದೇ 10 ಇದೆ. ಸ್ಕಿಲ್‌ಗಳೂ ಅಷ್ಟೇ, ಸಮಯ ಕೊಟ್ಟರೆ ಎಲ್ಲರಿಗೂ ಬರುತ್ತವೆ. ಹಾಗಾದರೆ ನಿಮ್ಮ ಕ್ರೂಸರಿನ ಲಾಭಕ್ಕೂ ಪಕ್ಕದವನ ಲಾಭಕ್ಕೂ ವ್ಯತ್ಯಾಸ ಎಲ್ಲಿಂದ ಬರಬೇಕು? ಹಡಗಿಗೆ ಬೇಕಾದ ಟ್ರಿಟೇನಿಯಂ, ಪೈರೈಟ್, ಮೆಕ್ಸಲಾನ್ ಖನಿಜಗಳು ಯಾವ ದರಕ್ಕೆ ಬಂತು, ಹೇಳಿದ ದಿನ ಬಂತಾ ಇಲ್ವಾ ಅನ್ನುವುದರಿಂದಲೇ.

ಸುಮ್ನೆ ಜಿಟಾಗೆ ಹೋಗಿ ಕೊಂಡರೆ ಆಗಲ್ವಾ ಅಂತ ಕೇಳಬಹುದು. ಜಿಟಾ ಅಂದರೆ ಈ ಆಟದ ಅತಿ ದೊಡ್ಡ ಮಾರುಕಟ್ಟೆ, ಏನು ಬೇಕಾದರೂ ಸಿಗುತ್ತದೆ. ನಾನೂ ಅಲ್ಲಿಂದ ಕೊಳ್ಳುತ್ತೇನೆ. ಆದರೆ ಅಲ್ಲಿ ಎರಡು ದರ ಇರುತ್ತವೆ, ಕೊಳ್ಳುವವರು ಇಟ್ಟ ಬೈ ದರ ಮತ್ತು ಮಾರುವವರು ಇಟ್ಟ ಸೆಲ್ ದರ. ಗಣಿಗಾರನೊಬ್ಬ ದೂರದಿಂದ ಹೊತ್ತು ತಂದು ತಕ್ಷಣ ಮಾರಬೇಕೆಂದರೆ ಅವನಿಗೆ ಸಿಗುವುದು ಕಡಿಮೆ ಇರುವ ಬೈ ದರ, ಅದರಲ್ಲೂ ಸೇಲ್ಸ್ ಟ್ಯಾಕ್ಸ್ ಕಳೆಯಬೇಕು. ನನಗೆ ತಕ್ಷಣ ಮಾಲು ಬೇಕೆಂದರೆ ಹೆಚ್ಚಿರುವ ಸೆಲ್ ದರ ಕೊಟ್ಟು, ಮತ್ತೆ ಅದನ್ನು ನನ್ನ ಕಾರ್ಖಾನೆ ಇರುವ ಕಡೆ ಸಾಗಿಸಬೇಕು. ಇಬ್ಬರಿಗೂ ನಷ್ಟ. ಬೈ 4 ಐಎಸ್‌ಕೆ (ಆಟದೊಳಗಿನ ದುಡ್ಡು), ಸೆಲ್ 5 ಐಎಸ್‌ಕೆ ಇದೆ ಅಂತಿಟ್ಟುಕೊಳ್ಳಿ. ಅವನು ಅಗೆಯುವ ಜಾಗದ ಹತ್ತಿರವೇ ನಾನು 4.5ಕ್ಕೆ ಕೊಂಡರೆ ಅವನಿಗೆ ಅರ್ಧ ಐಎಸ್‌ಕೆ ಜಾಸ್ತಿ, ನನಗೆ ಅರ್ಧ ಐಎಸ್‌ಕೆ ಉಳಿತಾಯ. ಇದನ್ನು ಜಿಟಾ ಸ್ಪ್ಲಿಟ್ ಅನ್ನುತ್ತಾರೆ. ಇದನ್ನು ಅರ್ಥ ಮಾಡಿಕೊಂಡರೆ ಯಾವ ಗಣಿಗಾರನ ಹತ್ತಿರ ಬೇಕಾದರೂ ಧೈರ್ಯವಾಗಿ ಮಾತಾಡಬಹುದು, ಯಾಕೆಂದರೆ ನೀವು ಕೇಳುತ್ತಿರುವುದು ಉಪಕಾರ ಅಲ್ಲ.

ಇನ್ನೊಂದು, ದರವನ್ನು ಅಂಕಿಯಲ್ಲಿ ಕಟ್ಟಿಹಾಕಬಾರದು. ಲೆಕ್ಕದ ವಿಧಾನವನ್ನು ಮಾತ್ರ ಮಾತಾಡಿಕೊಳ್ಳಬೇಕು. ಮಾಲು ಕೈಗೆ ಬಂದ ದಿನದ ಜಿಟಾ ಸ್ಪ್ಲಿಟ್, ಅಷ್ಟೇ. ನಮ್ಮ ಮನೆಯಲ್ಲಿ ಕಾಫಿ ಖರೀದಿ ಇರುವುದರಿಂದ ನನಗಿದು ಬೇಗ ಹೊಳೆಯಿತು. 2024ರಲ್ಲಿ ರೋಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗ ನಾನೇ ಕಣ್ಣಾರೆ ನೋಡಿದ್ದೇನೆ. ಮುಂಗಡ ಕೊಟ್ಟು ಹಳೇ ರೇಟಿಗೆ ಬೆಳೆಗಾರರನ್ನು ಹಿಡಿದಿಡಲು ಹೋದವರ ಗೋಡೌನಿಗೆ ಚೀಲ ಬರುವುದು ತಡವಾಯಿತು. ದಿನದ ದರ ಹಾಕಿ, ಔಟ್‌ಟರ್ನ್ ಅನ್ನು (ಒಣಗಿದ ಕಾಫಿಯಲ್ಲಿ ಬೀಜ ಎಷ್ಟು ಸಿಗುತ್ತದೆ ಅನ್ನುವ ಲೆಕ್ಕ) ಬೆಳೆಗಾರರ ಕಣ್ಣೆದುರೇ ತೆಗೆದು ತೋರಿಸಿದವರ ಹತ್ತಿರ ಜೀಪುಗಳು ತಾವಾಗಿ ಬಂದು ನಿಂತವು. ಈವ್‌ನಲ್ಲೂ ಜನ ಅದೇ ಜನ. ಬೆಲೆ ಏರಿದಾಗ ಹಳೇ ದರ ಹಿಡಿದು ಜಗ್ಗಿದರೆ ಬೇರೆಯವರಿಗೆ ಮಾರುತ್ತಾರೆ, ಬೆಲೆ ಬಿದ್ದಾಗ ನೀವು ಮಾಯವಾದರೆ ಮುಂದಿನ ಸಲ ಮೆಸೇಜಿಗೆ ಉತ್ತರವನ್ನೇ ಕೊಡುವುದಿಲ್ಲ.

ಬೆಲೆ ಬಿದ್ದಾಗ ಕೊಳ್ಳುವುದೇ ಮುಖ್ಯ. ಬೆಲೆ ಇದ್ದಾಗ ಕೊಳ್ಳುವವರು ನೂರು ಜನ ಸಿಗುತ್ತಾರೆ.

ಆಟದ ಚರಿತ್ರೆಯಲ್ಲೇ ಇದಕ್ಕೆ ಉದಾಹರಣೆ ಇದೆ. 2020ರ ಸುಮಾರಿಗೆ ಸಿಸಿಪಿ ಅದಿರಿನ ಹಂಚಿಕೆಯನ್ನೇ ಬದಲಾಯಿಸಿತು, ಎಲ್ಲ ಖನಿಜವೂ ಒಂದೇ ಕಡೆ ಸಿಗದ ಹಾಗೆ ಮಾಡಿತು. 2021ರ ಏಪ್ರಿಲ್‌ನಲ್ಲಿ ದೊಡ್ಡ ಹಡಗು ಕಟ್ಟುವ ವಿಧಾನವೂ ಬದಲಾಯಿತು. ಆ ಹೊತ್ತಿನಲ್ಲಿ ಐಸೋಜೆನ್, ಮೆಕ್ಸಲಾನ್ ಖನಿಜಗಳಿಗೆ ಎಲ್ಲರೂ ಮುಗಿಬಿದ್ದಿದ್ದರು. ಪೋಲೆಂಡಿನ ಒಬ್ಬ ಗಣಿಗಾರನಿಂದ ಅದಕ್ಕೂ ಮುಂಚೆ ಬೆಲೆ ಇಲ್ಲದ ತಿಂಗಳುಗಳಲ್ಲೂ ತಪ್ಪದೆ ಕೊಂಡಿದ್ದೆ. ಬೆಲೆ ಏರಿದ ಮೇಲೂ ಅವನು ಮೊದಲು ನನ್ನನ್ನು ಕೇಳಿಯೇ ಬೇರೆಯವರಿಗೆ ಕೊಡುತ್ತಿದ್ದ. ನಾನು ಹಾಗೆ ಮಾಡು ಅಂತ ಒಂದು ಸಲವೂ ಹೇಳಿರಲಿಲ್ಲ. ನನ್ನ ಕಾರ್ಖಾನೆ ಆ ಅವಧಿಯಲ್ಲಿ ನಿಲ್ಲಲಿಲ್ಲ ಅಂದರೆ ಅದು ಅವನಿಂದ.

ಗಣಿಗಾರರಿಗೆ ನಿಜವಾಗಿ ಏನು ಬೇಕು ಅನ್ನುವುದನ್ನೂ ನೋಡಿ. ಒಂದು ಅದಿರು ಕರಗಿಸಿದರೆ ಎರಡು ಮೂರು ಬಗೆಯ ಖನಿಜ ಬರಬಹುದು. ನೀವು ನಿಮಗೆ ಬೇಕಾದ್ದನ್ನು ಮಾತ್ರ ಆರಿಸಿಕೊಂಡರೆ ಉಳಿದದ್ದನ್ನು ಅವರು ಮತ್ತೆ ಜಿಟಾಗೆ ಹೊರಬೇಕು. ನಾನು ಕಂಪ್ರೆಸ್ಡ್, ಅಂದರೆ ಸಾಗಿಸಲು ಸುಲಭವಾಗುವಂತೆ ಒತ್ತಿ ಚಿಕ್ಕದು ಮಾಡಿದ ಅದಿರನ್ನೇ ಪೂರ್ತಿ ಲಾಟ್ ಎತ್ತಿಕೊಳ್ಳುತ್ತೇನೆ. ಕರಗಿಸುವ ಸ್ಕಿಲ್ ನಾನು ಕಲಿತಿದ್ದೇನೆ, ಅವರು ಆ ಸಮಯವನ್ನು ಗಣಿಯಲ್ಲಿ ಕಳೆಯಲಿ. ನನಗೆ ಬೇಡದ ಖನಿಜವನ್ನು ನಾನೇ ನಿಧಾನವಾಗಿ ಮಾರಿಕೊಳ್ಳುತ್ತೇನೆ. ಇದರಿಂದ ನನ್ನ ದುಡ್ಡು ಸ್ವಲ್ಪ ದಿನ ಸಿಕ್ಕಿಹಾಕಿಕೊಳ್ಳುತ್ತದೆ, ನಿಜ. ಆದರೆ ಗಣಿಗಾರನಿಗೆ ಒಂದೇ ಕಾಂಟ್ರಾಕ್ಟಿನಲ್ಲಿ (ಆಟದೊಳಗೆ ಇಬ್ಬರು ಮಾಡಿಕೊಳ್ಳುವ ಕೊಡು-ಕೊಳ್ಳುವ ಕರಾರು) ಹಡಗು ಖಾಲಿ. ಅದಕ್ಕೇ ಅವನು ನನ್ನ ಹತ್ತಿರ ಬರುತ್ತಾನೆ.

ಕಾಂಟ್ರಾಕ್ಟ್ ಅಂದೆನಲ್ಲ, ಅದರ ವಿಂಡೋವನ್ನು ಪ್ರತಿ ಸಲ ಕಣ್ಣಿಟ್ಟು ನೋಡಿ, ಎಷ್ಟೇ ಗುರುತಿನವರಾಗಿರಲಿ. ಯಾರ ಹೆಸರಿಗೆ ಮಾಡಿದ್ದಾರೆ, ಮಾಲು ಯಾವ ಸ್ಟೇಷನ್ನಿನಲ್ಲಿದೆ, ನಿಮಗೆ ಸಿಗುವುದು ಯಾವ ಸಾಲಿನಲ್ಲಿದೆ, ನೀವು ಕೊಡುವುದು ಯಾವ ಸಾಲಿನಲ್ಲಿದೆ, ಮೊತ್ತದಲ್ಲಿ ಸೊನ್ನೆ ಎಷ್ಟಿದೆ. ಈ ಎರಡು ಸಾಲನ್ನು ಅದಲುಬದಲು ಮಾಡಿ ಮೋಸ ಮಾಡುವವರು ಇದ್ದಾರೆ. ಈ ಆಟದಲ್ಲಿ ಇಂಥ ಮೋಸ ನಿಯಮದ ಪ್ರಕಾರ ಅಪರಾಧ ಅಲ್ಲ, ದೂರು ಕೊಟ್ಟರೂ ಹೋದದ್ದು ವಾಪಸ್ ಬರುವುದಿಲ್ಲ. ಹೊಸಬರ ಜೊತೆ ವ್ಯವಹಾರಕ್ಕೆ ಮುಂಚೆ ಅವರ ಪಾತ್ರದ ಎಂಪ್ಲಾಯ್‌ಮೆಂಟ್ ಹಿಸ್ಟರಿ ತೆಗೆದು ಓದಿ, ಯಾವ ಯಾವ ಕಾರ್ಪೊರೇಷನ್ನಿನಲ್ಲಿ (ಆಟಗಾರರ ಗುಂಪು) ಎಷ್ಟು ದಿನ ಇದ್ದರು ಅಂತ ಎಲ್ಲರಿಗೂ ಕಾಣುತ್ತದೆ. ಮೊದಲು ಸಣ್ಣ ಲಾಟ್. ಅದು ಸರಿ ಬಂದರೆ ಇನ್ನೊಂದು. ಮುಂಗಡ ಬೇಡವೇ ಬೇಡ, ಬದಲಿಗೆ ಮಾಲು ಬಂದ ಕೂಡಲೇ ದುಡ್ಡು. ನಾನು ಕಾಂಟ್ರಾಕ್ಟ್ ಕಂಡ ತಕ್ಷಣ ಒಪ್ಪಿಕೊಳ್ಳುತ್ತೇನೆ, ನಾಳೆ ಅನ್ನುವುದಿಲ್ಲ.

ಸಾಗಿಸುವವರನ್ನು ಮರೆಯಬೇಡಿ, ಅವರೂ ಸಪ್ಲೈಯರ್‌ಗಳೇ. ಕೊರಿಯರ್ ಕಾಂಟ್ರಾಕ್ಟಿನಲ್ಲಿ ಕೂಲಿಯ ಜೊತೆ ಕೊಲ್ಯಾಟರಲ್ ಅಂತ ಇರುತ್ತದೆ, ಮಾಲು ತಲುಪಿಸದಿದ್ದರೆ ಆ ಠೇವಣಿ ನಿಮಗೆ. ಉಎಡಾಮಾ ನಕ್ಷತ್ರಮಂಡಲದಂಥ ಕಡೆ ಫ್ರೈಟರ್‌ಗಳಿಗೆ, ಅಂದರೆ ದೊಡ್ಡ ಸರಕು ಹಡಗುಗಳಿಗೆ, ಹೊಂಚು ಹಾಕಿ ಕೂತಿರುತ್ತಾರೆ. ಹೊಡೆದವರನ್ನು ಆಟದ ಕಾನ್‌ಕಾರ್ಡ್ ಪೊಲೀಸರು ಆಮೇಲೆ ನಾಶ ಮಾಡುತ್ತಾರೆ, ಆದರೆ ಅಷ್ಟರಲ್ಲಿ ನಿಮ್ಮ ಹಡಗು ಹೋಗಿರುತ್ತದೆ. ನನ್ನ ಮಾಲು ಹೆಚ್ಚಾಗಿ ಸಾಗಿಸುವುದು ಹಾಸನದ ನನ್ನ ಗೆಳೆಯ. ಒಂದು ದೊಡ್ಡ ಲೋಡು ನೋಡಿ ಅವನು ಫೋನ್ ಮಾಡಿದ. "ಇಷ್ಟು ಬೆಲೆದನ್ನ ಒಂದೇ ಸಲ ಹಾಕೋದು ಬೇಡ ಮಾರಾಯ. ಹೊಡೆಯೋರಿಗೆ ಲಾಭ ಕಾಣಬಾರದು. ಎರಡು ಕಾಂಟ್ರಾಕ್ಟ್ ಮಾಡು, ನಾನೇ ಎರಡು ಸಲ ಹೋಗ್ತೀನಿ." ಎರಡನೇ ಸಲದ ಕೂಲಿ ಬೇಡ ಅಂದ, ನಾನು ಬಿಡಲಿಲ್ಲ, ಕೊಟ್ಟೆ. ಅವನ ಒಂದು ರಾತ್ರಿಯ ಆಟಕ್ಕೆ ಬೆಲೆ ಇಲ್ವಾ?

ನಮ್ಮ ಕಡೆಯವರಿಗೆ ಅನುಕೂಲದ ವಿಷಯ ಹೇಳುತ್ತೇನೆ. ಸರ್ವರ್ ಇರುವುದು ಲಂಡನ್ನಿನಲ್ಲಿ, ಆದರೆ ಆಟ ನಡೆಯುವುದು ಸೆಕೆಂಡಿಗೊಂದು ಟಿಕ್ ಲೆಕ್ಕದಲ್ಲಿ, ಅಂದರೆ ಸರ್ವರ್ ಎಲ್ಲರ ಆಜ್ಞೆಗಳನ್ನು ಸೆಕೆಂಡಿಗೊಮ್ಮೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬೇರೆ ಆಟಗಳ ಹಾಗೆ ನೆಟ್ ಸ್ವಲ್ಪ ನಿಧಾನವಾದರೆ ಸತ್ತೇಹೋದೆವು ಅಂತ ಇಲ್ಲ. ಮಳೆಗಾಲದಲ್ಲಿ ಮೂಡಿಗೆರೆ ಕಡೆ ಕರೆಂಟು, ನೆಟ್ ಎರಡೂ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಅಷ್ಟರಲ್ಲೂ ಕಾರ್ಖಾನೆಯ ಕೆಲಸ ನಡೆಯುತ್ತಲೇ ಇರುತ್ತದೆ, ಕಾಂಟ್ರಾಕ್ಟ್‌ಗಳು ಕಾದಿರುತ್ತವೆ. ಜೂನ್ ಬರುವ ಮುಂಚೆಯೇ ನಾನು ಎಲ್ಲರಿಗೂ ಮೆಸೇಜ್ ಹಾಕುತ್ತೇನೆ: ಇನ್ನು ಮೂರು ತಿಂಗಳು ನಮ್ಮಲ್ಲಿ ಮಳೆ ಜೋರು, ಕಾಂಟ್ರಾಕ್ಟನ್ನು 2 ವಾರದ ಅವಧಿಗೆ ಹಾಕಿ, ನಾನು ಬಂದ ಕೂಡಲೇ ತೆಗೆದುಕೊಳ್ಳುತ್ತೇನೆ. ಇದಕ್ಕೆ ಯಾರೂ ಬೇಜಾರು ಮಾಡಿಕೊಂಡಿಲ್ಲ. ಹೇಳದೆ ಕಾಣೆಯಾಗುವುದು ಬೇರೆ, ಹೇಳಿ ತಡವಾಗುವುದು ಬೇರೆ.

ಕೊರತೆಗಳೂ ಇವೆ. ದಿನವೂ ಡೌನ್‌ಟೈಮ್ (ಸರ್ವರ್ ಸ್ವಲ್ಪ ಹೊತ್ತು ಬಂದ್ ಆಗುವ ಸಮಯ) ನಮ್ಮ ಸಂಜೆ 4.30ಕ್ಕೆ, ಕಾಲೇಜು ಮುಗಿಸಿ ಬರುವವರಿಗೆ ಕಿರಿಕಿರಿ. ಕಲಿಯಲು ತುಂಬಾ ತಾಳ್ಮೆ ಬೇಕು. 2016ರಿಂದ ಆಲ್ಫಾ ಅಂತ ಉಚಿತ ಖಾತೆ ಇದೆ, ಶುರು ಮಾಡಲು ಸಾಕು, ಆದರೆ ದೊಡ್ಡ ಮಟ್ಟದಲ್ಲಿ ಕಟ್ಟಬೇಕೆಂದರೆ ಒಮೇಗಾ ಅನ್ನುವ ಚಂದಾ ಖಾತೆ ಬೇಕೇ ಬೇಕು. ಅದಕ್ಕೆ ದುಡ್ಡು ಕೊಡಬೇಕು, ಇಲ್ಲವೇ ಆಟದೊಳಗೆ ದುಡಿದು, ಚಂದಾಕ್ಕೆ ಬಳಸಬಹುದಾದ ಪ್ಲೆಕ್ಸ್ ಕೊಳ್ಳಬೇಕು. ಇನ್ನು ಯಾರಾದರೂ ನಿಜವಾದ ರೂಪಾಯಿಗೆ ಐಎಸ್‌ಕೆ ಮಾರುತ್ತೇನೆ ಅಂದರೆ ಹತ್ತಿರವೂ ಹೋಗಬೇಡಿ. ಅದು ನಿಷಿದ್ಧ, ಖಾತೆಯೇ ಹೋಗಬಹುದು.

ನನ್ನ ಅಂಕ 5ಕ್ಕೆ 4. ಹಾಸನ, ಚಿಕ್ಕಮಗಳೂರು ಕಡೆ ಯಾರಾದರೂ ಹೊಸದಾಗಿ ಗಣಿಗಾರಿಕೆ ಶುರು ಮಾಡಿದ್ದರೆ ವೆಂಚರ್ ಅನ್ನುವ ಹೊಸಬರ ಗಣಿ ಹಡಗಿನಲ್ಲಿ ಅಗೆದ ಸಣ್ಣ ಲಾಟ್ ಆದರೂ ತನ್ನಿ, ನನಗೀಗ ಪೈರೈಟ್ ಬೇಕಾಗಿದೆ. ದರ ಅವತ್ತಿನ ಜಿಟಾ ಸ್ಪ್ಲಿಟ್, ಉಳಿದ ಖನಿಜವನ್ನೂ ಅದೇ ಲೆಕ್ಕದಲ್ಲಿ ಎತ್ತಿಕೊಳ್ಳುತ್ತೇನೆ.